ಹಡಗಿನ ಕಿವಿಗೆ ತುಮಕೂರಿನ ಕೇಬಲ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. 11 ಜನ, ಎರಡು ಮಿಲ್ಲಿಂಗ್ ಮಷೀನು, ವೈರುಗಳನ್ನು ಕಂತೆ ಕಟ್ಟುವ ಒಂದು ಉದ್ದನೆಯ ಹಾರ್ನೆಸ್ ಟೇಬಲ್ಲು. ಹಡಗಿನ ಎಲೆಕ್ಟ್ರಾನಿಕ್ ವಾರ್‌ಫೇರ್ ಸಿಸ್ಟಂಗಳಿಗೆ, ಅಂದರೆ ಎದುರಿನವರ ರೇಡಾರ್ ಕೇಳಿಸಿಕೊಂಡು ಅದನ್ನು ಯಾಮಾರಿಸುವ ಯಂತ್ರಗಳಿಗೆ, ಹೋಗುವ ಕೇಬಲ್, ಅಲ್ಯೂಮಿನಿಯಂ ಡಬ್ಬಿ, ಪಾರ್ಟ್ ಕೂರಿಸಿ ಪರೀಕ್ಷಿಸುವ ಟೆಸ್ಟ್ ಜಿಗ್ ಮಾಡುತ್ತೇವೆ. ನೌಕಾಪಡೆಗೆ ನೇರವಾಗಿ ಕೊಡುವವರಲ್ಲ ನಾವು. ಕೊಡುವವರಿಗೆ ಕೊಡುವವರು. ಕೆಲವು ಸಲ ಅವರಿಗೂ ಇನ್ನೊಬ್ಬರ ಮೂಲಕ.

ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಪಕ್ಕದ ಶೆಡ್ಡಿನವರ ಜೊತೆ ಟೀ ಕುಡಿಯುವಾಗ ಅವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತದೆ. ಗುಟ್ಟಿನ ವಿಷಯ ಇಲ್ಲಿಲ್ಲ, ಹುಡುಕಬೇಡಿ.

ಅಕ್ಕ, ಸಮುದ್ರವೇ ಇಲ್ಲದ ಊರಲ್ಲಿ ಹಡಗಿನ ಪಾರ್ಟ್ ಮಾಡ್ತೀರಲ್ಲ, ಏನು ಕಥೆ?

ನಮ್ಮಮ್ಮನೂ ಇದನ್ನೇ ಕೇಳುತ್ತಾರೆ. ಹಡಗಿನ ಮೈ ಕಟ್ಟುವುದು ಕಡಲ ದಡದಲ್ಲಿ. ಅದರ ಕಣ್ಣು ಕಿವಿ ತಯಾರಾಗುವುದು ಮಾತ್ರ ಒಳನಾಡಿನಲ್ಲೇ. ನೌಕಾಪಡೆಯ ಎಲೆಕ್ಟ್ರಾನಿಕ್ ವಾರ್‌ಫೇರ್ ಸಿಸ್ಟಂಗಳನ್ನು ರೂಪಿಸುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಡಿಎಲ್‌ಆರ್‌ಎಲ್ ಇರುವುದು ಹೈದರಾಬಾದಿನಲ್ಲಿ. ಅವನ್ನು ತಯಾರಿಸುವ ಸರ್ಕಾರಿ ಕಂಪನಿ ಬಿಇಎಲ್ ಶುರುವಾದದ್ದು 1954ರಲ್ಲಿ, ಬೆಂಗಳೂರಿನಲ್ಲಿ. ಅದರ ಕಾರ್ಖಾನೆ ಇರುವ ಜಾಲಹಳ್ಳಿಯಿಂದ ನಮ್ಮೂರಿಗೆ ಒಂದೇ ಹೆದ್ದಾರಿ.

ಸುತ್ತಮುತ್ತ ನೋಡಿ. ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಗಣಿ ಯಂತ್ರ ಮಾಡುವ ಬಿಇಎಂಎಲ್ ಕಾರ್ಖಾನೆ ಇನ್ನೂ ಅಲ್ಲೇ ಇದೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಲೇತ್ ಹಿಡಿಯುವ ಕೈ, ಸೋಲ್ಡರ್ ಹಿಡಿಯುವ ಕೈ ಈ ಕಡೆ ಮೊದಲಿನಿಂದ ಇದೆ. ಸಮುದ್ರ ಇಲ್ಲದಿದ್ದರೆ ಏನಂತೆ.

ಈ ಎಲೆಕ್ಟ್ರಾನಿಕ್ ವಾರ್‌ಫೇರ್ ಅಂದ್ರೆ ಏನು? ನಮ್ಮ ಭಾಷೇಲಿ ಹೇಳಿ.

ರಾತ್ರಿ ತೆಂಗಿನ ತೋಟಕ್ಕೆ ನೀರು ತಿರುಗಿಸಲು ಟಾರ್ಚ್ ಹಿಡಿದು ಹೋಗುತ್ತೀರಿ ಅಂದುಕೊಳ್ಳಿ. ಟಾರ್ಚಿನ ಬೆಳಕಲ್ಲಿ ನಿಮಗೆ ಹತ್ತಿಪ್ಪತ್ತು ಮಾರು ಕಾಣುತ್ತದೆ. ಆದರೆ ನಿಮ್ಮ ಟಾರ್ಚು ಆಚೆ ಊರಿನ ಏರಿಯ ಮೇಲೆ ನಿಂತವನಿಗೂ ಕಾಣುತ್ತದೆ, ಅಲ್ವಾ? ರೇಡಾರ್ ಕಥೆಯೂ ಅದೇ. ರೇಡಾರ್ ಅಲೆ ಹೋಗಿ, ಬಡಿದು, ವಾಪಸ್ ಬರಬೇಕು. ದೂರ ಎರಡರಷ್ಟಾದರೆ ವಾಪಸ್ ಬರುವ ಶಕ್ತಿ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಎದುರಿನ ಹಡಗಿಗೆ ಅದು ಒಂದೇ ದಾರಿಯ ಪ್ರಯಾಣ, ಅಲ್ಲಿ ನಾಲ್ಕನೇ ಒಂದು ಪಾಲಿಗೆ ಮಾತ್ರ ಇಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಹುಡುಕುವವನಿಗಿಂತ ಮೊದಲು, ಸುಮ್ನೆ ಕೇಳಿಸಿಕೊಳ್ಳುವವನಿಗೆ ಸುದ್ದಿ ಗೊತ್ತಾಗುತ್ತದೆ.

ಹೀಗೆ ಕೇಳಿಸಿಕೊಳ್ಳುವ ಭಾಗಕ್ಕೆ ಇಎಸ್‌ಎಂ ಅನ್ನುತ್ತಾರೆ. ಯಾವ ದಿಕ್ಕು, ಯಾವ ಫ್ರೀಕ್ವೆನ್ಸಿ, ಪಲ್ಸ್ ಎಷ್ಟು ಅಗಲ, ಎಷ್ಟು ಹೊತ್ತಿಗೊಂದು ಅಂತ ಅಳೆದು, ತನ್ನ ಪಟ್ಟಿಯ ಜೊತೆ ಹೋಲಿಸಿ, "ಇದು ಮೀನುಗಾರರ ದೋಣಿಯ ರೇಡಾರ್, ಇದು ಕ್ಷಿಪಣಿಯದ್ದು" ಅಂತ ಹೇಳುತ್ತದೆ. ಎರಡನೇ ಭಾಗ ಇಸಿಎಂ. ಎದುರಿನ ರೇಡಾರಿಗೆ ಗಲಾಟೆ ಎಬ್ಬಿಸುವುದು, ಇಲ್ಲವೇ ಸುಳ್ಳು ಪ್ರತಿಧ್ವನಿ ಕಳಿಸಿ ಹಡಗು ಇಲ್ಲದ ಜಾಗದಲ್ಲಿ ಇರುವ ಹಾಗೆ ತೋರಿಸುವುದು. ಮೂರನೆಯದು ಚಾಫ್. ರಾಕೆಟ್ಟಿನಲ್ಲಿ ಹಾರಿಸಿ ಗಾಳಿಯಲ್ಲಿ ಹರಡುವ ಅಲ್ಯೂಮಿನಿಯಂ ಲೇಪದ ಗಾಜಿನ ಎಳೆಗಳು. ಎಳೆಯ ಉದ್ದ ಅಲೆಯ ಉದ್ದದ ಅರ್ಧ ಇರಬೇಕು. 10 ಗಿಗಾಹರ್ಟ್ಸ್ ರೇಡಾರಿನ ಅಲೆ 3 ಸೆಂಟಿಮೀಟರು, ಎಳೆ ಸುಮಾರು ಒಂದೂವರೆ. ಕೂದಲಿಗಿಂತ ಸಣ್ಣ ಎಳೆಗಳೆಲ್ಲ ಸೇರಿ ಕ್ಷಿಪಣಿಯ ಕಣ್ಣಿಗೆ ಮೋಡದಷ್ಟು ದೊಡ್ಡ ಹಡಗಾಗಿ ಕಾಣುತ್ತವೆ.

ಇದರಿಂದ ನಿಜವಾಗ್ಲೂ ಹಡಗು ಉಳಿದಿದೆಯಾ? ಅಥವಾ ಬರೀ ಖರ್ಚಾ?

ಉಳಿದಿರುವುದೂ ಇದೆ, ಇಲ್ಲದೆ ಮುಳುಗಿರುವುದೂ ಇದೆ. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ಕ್ಷಿಪಣಿ ದೋಣಿಗಳು ಸೋವಿಯತ್ ಸ್ಟಿಕ್ಸ್ ಕ್ಷಿಪಣಿ ಹಾರಿಸಿ ಇಸ್ರೇಲಿನ ಐಲಾಟ್ ಹಡಗನ್ನು ಮುಳುಗಿಸಿದವು. 47 ಜನ ಸತ್ತರು. ದೊಡ್ಡ ಫಿರಂಗಿ ಇದ್ದರೆ ಸಾಕು ಅಂದುಕೊಂಡಿದ್ದ ನೌಕಾಪಡೆಗಳಿಗೆಲ್ಲ ಅವತ್ತು ನಿದ್ದೆ ಬರಲಿಲ್ಲ.

ಅದೇ ಸ್ಟಿಕ್ಸ್ ನಮ್ಮ ಹತ್ತಿರವೂ ಇತ್ತು. 1971ರ ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಾಟ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಗೆ ನುಗ್ಗಿದವು. ಪಾಕಿಸ್ತಾನದ ಖೈಬರ್ ಹಡಗಿನವರಿಗೆ ಹೊಡೆದದ್ದು ಏನು ಅಂತಲೇ ತಿಳಿಯಲಿಲ್ಲ, ವಿಮಾನ ದಾಳಿ ಅಂದುಕೊಂಡರು. ಡಿಸೆಂಬರ್ 4 ಇವತ್ತು ನಮ್ಮ ನೌಕಾಪಡೆ ದಿನ.

ಎರಡು ವರ್ಷ ಕಳೆದು, 1973ರ ಅಕ್ಟೋಬರಿನಲ್ಲಿ ಸಿರಿಯಾದ ಲತಾಕಿಯಾ ಎದುರು ಅದೇ ಸ್ಟಿಕ್ಸ್ ಮತ್ತೆ ಇಸ್ರೇಲಿನ ದೋಣಿಗಳ ಮೇಲೆ ಬಂತು. ಈ ಸಲ ಅವರು ಜಾಮರ್ ಮತ್ತು ಚಾಫ್ ಜೊತೆ ತಯಾರಾಗಿ ಹೋಗಿದ್ದರು. ಒಂದೂ ತಾಗಲಿಲ್ಲ. ಕ್ಷಿಪಣಿ ಅದೇ, ಆರು ವರ್ಷದಲ್ಲಿ ಬದಲಾದದ್ದು ಎದುರಿನವರ ತಯಾರಿ.

ಇನ್ನೊಂದು ಕಥೆ ನಾನು ಹೊಸ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. 1982ರ ಮೇ 4, ಫಾಕ್‌ಲ್ಯಾಂಡ್ ಯುದ್ಧ. ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಎಕ್ಸೋಸೆ ಕ್ಷಿಪಣಿ ಬಡಿಯಿತು, 20 ಜನ ಸತ್ತರು. ಆ ಹಡಗಿನಲ್ಲಿ ಕೇಳಿಸಿಕೊಳ್ಳುವ ಯಂತ್ರ ಇತ್ತು. ಆದರೆ ಆ ಹೊತ್ತಿನಲ್ಲಿ ಅವರದೇ ಉಪಗ್ರಹ ರೇಡಿಯೋ ಮಾತಾಡುತ್ತಿತ್ತು, ಅದರ ಸದ್ದಿಗೆ ಕಿವಿ ಮುಚ್ಚಿಹೋಗಿತ್ತು. ಚಾಫ್ ಕೂಡ ಹಾರಿಸಲಿಲ್ಲ. ಒಂದೇ ಹಡಗಿನ ಎರಡು ಪೆಟ್ಟಿಗೆಗಳು ಒಂದಕ್ಕೊಂದು ತೊಂದರೆ ಕೊಟ್ಟರೆ ಹೀಗಾಗುತ್ತದೆ. ನಮ್ಮ ಡಬ್ಬಿಯ ಮುಚ್ಚಳ ಸರಿಯಾಗಿ ಕೂರಬೇಕು ಅಂತ ಇನ್ಸ್‌ಪೆಕ್ಟರ್ ತಲೆ ತಿನ್ನುವುದು ಇದಕ್ಕೇ.

ನಮ್ಮ ನೌಕಾಪಡೆ ಹತ್ರ ಯಾವುದಿದೆ?

ಹೆಸರು ಹೇಳಬಹುದಾದದ್ದು ಶಕ್ತಿ. ಡಿಎಲ್‌ಆರ್‌ಎಲ್ ವಿನ್ಯಾಸ, ಬಿಇಎಲ್ ತಯಾರಿ. 2021ರ ನವೆಂಬರ್ 19ರಂದು ಝಾನ್ಸಿಯಲ್ಲಿ ಪ್ರಧಾನಿ ಅದನ್ನು ನೌಕಾಪಡೆಗೆ ಒಪ್ಪಿಸಿದರು. ಮೊದಲ ಸೆಟ್ ಕೂತದ್ದು ಐಎನ್‌ಎಸ್ ವಿಶಾಖಪಟ್ಟಣಂ ಹಡಗಿನಲ್ಲಿ. ಆಗ ಸರ್ಕಾರ ಹೇಳಿದ ಲೆಕ್ಕ 12 ಸಿಸ್ಟಂ, 1805 ಕೋಟಿ ರೂಪಾಯಿ, ಜೊತೆಗೆ 50ಕ್ಕೂ ಜಾಸ್ತಿ ಸಣ್ಣ-ಮಧ್ಯಮ ಉದ್ಯಮಗಳು. ಆ ಕೊನೆಯ ಸಂಖ್ಯೆ ಓದಿದಾಗಲೇ ನಮ್ಮಂಥವರಿಗೆ ಖುಷಿ. ಅದಕ್ಕೂ ಮುಂಚಿನ ಹಡಗುಗಳಲ್ಲಿ ಅಜಂತಾ, ಎಲ್ಲೋರಾ, ವರುಣಾ ಎಂಬ ಸಿಸ್ಟಂಗಳಿವೆ. ಚಾಫ್ ರಾಕೆಟ್ ಮಾಡಿದ್ದು ಡಿಆರ್‌ಡಿಒದ ಜೋಧಪುರ ಪ್ರಯೋಗಾಲಯ.

ಒಳಗೆ ಏನೇನಿರುತ್ತೆ?

ಹಡಗಿನ ಎತ್ತರದ ಕಂಬ ಮಾಸ್ಟ್ ಮೇಲೆ ಆಂಟೆನಾ. ಅದರ ಬೆನ್ನಿಗೇ ತೀರಾ ಜೋರು ಸಿಗ್ನಲ್ ತಡೆಯುವ ಲಿಮಿಟರ್, ಬೇಡದ್ದನ್ನು ಸೋಸುವ ಫಿಲ್ಟರ್, ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಲೋ ನಾಯ್ಸ್ ಆಂಪ್ಲಿಫೈಯರ್. ಕೆಳಗೆ ರಿಸೀವರ್, ಎಫ್‌ಪಿಜಿಎ (ಒಳಜೋಡಣೆಯನ್ನು ಬೇಕಾದ ಹಾಗೆ ಬದಲಿಸಬಹುದಾದ ಚಿಪ್) ಇರುವ ಡಿಜಿಟಲ್ ಕಾರ್ಡುಗಳು, ಪ್ರೊಸೆಸರ್, ಆಪರೇಟರ್ ಕೂರುವ ಕನ್ಸೋಲ್. ಜಾಮರ್ ಕಡೆ ದೊಡ್ಡ ಪವರ್ ಸಪ್ಲೈ, ಶಕ್ತಿ ಹೆಚ್ಚಿಸುವ ಟ್ರಾವೆಲಿಂಗ್ ವೇವ್ ಟ್ಯೂಬ್ ಅಥವಾ ಹೊಸದಾದರೆ ಗ್ಯಾಲಿಯಂ ನೈಟ್ರೈಡ್ ಮಾಡ್ಯೂಲು, ತಂಪು ಮಾಡುವ ವ್ಯವಸ್ಥೆ. ಇವನ್ನೆಲ್ಲ ಕಟ್ಟಿಹಾಕುವ ಕೇಬಲ್, ಕನೆಕ್ಟರ್, ಅಲೆ ಸಾಗಿಸುವ ಲೋಹದ ಕೊಳವೆ ವೇವ್‌ಗೈಡ್. ಟಿವಿಯಲ್ಲಿ ತೋರಿಸುವುದು ಆಂಟೆನಾವನ್ನು. ಅನ್ನ ಹಾಕುವುದು ನಮಗೆ ಕೇಬಲ್ಲು.

ಯಾವ ಪಾರ್ಟ್ ಜಾಸ್ತಿ ಕೆಡುತ್ತೆ?

ಎಲ್ಲರೂ ಚಿಪ್ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಮೊದಲು ಕೆಡುವುದು ಬಡಪಾಯಿ ಪಾರ್ಟುಗಳು. ಫ್ಯಾನು, ಕನೆಕ್ಟರು, ಗ್ಯಾಸ್ಕೆಟ್ಟು, ಪವರ್ ಸಪ್ಲೈ ಒಳಗಿನ ಕೆಪಾಸಿಟರು. ಕಾರಣ ಉಪ್ಪು.

ಒಮ್ಮೆ ನಮ್ಮ ಹತ್ತಿರ ನಕಲು ಅಳತೆ ತೆಗೆಯಲು ಒಂದು ಹಳೆ ಡಬ್ಬಿ ಬಂದಿತ್ತು. ಹಡಗಿನಿಂದ ಇಳಿಸಿದ್ದು. ಹೊರಗೆ ಬೂದು ಬಣ್ಣ ಚೆನ್ನಾಗೇ ಇತ್ತು. ಮುಚ್ಚಳದ ಒಂದು ಸ್ಟೀಲ್ ಸ್ಕ್ರೂ ಸುತ್ತ ಮಾತ್ರ ಬಣ್ಣ ಉಬ್ಬಿತ್ತು. ಉಗುರಿನಿಂದ ಕೆರೆದೆ. ಒಳಗೆ ವಿಭೂತಿಯ ಹಾಗೆ ಬಿಳಿ ಪುಡಿ. ಸ್ಟೀಲು, ಅಲ್ಯೂಮಿನಿಯಂ, ನಡುವೆ ಉಪ್ಪು ನೀರು ಸಿಕ್ಕರೆ ಅದು ಸಣ್ಣ ಬ್ಯಾಟರಿ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಸ್ಕ್ರೂ ತಿರುಗಿಸಿದರೆ ಡಬ್ಬಿಯ ಥ್ರೆಡ್ ಸಮೇತ ಎದ್ದು ಬಂತು. ಒಳಗಿನ ಹಿತ್ತಾಳೆ ಕನೆಕ್ಟರಿಗೆ ಹಸಿರು ಕಿಲುಬು. ಕಾರ್ಡಿನ ಮೇಲೆ ಒಂದು ಗೀರೂ ಇಲ್ಲ. ಕಾರ್ಡ್ ಚೆನ್ನಾಗಿದ್ದೂ ಪೆಟ್ಟಿಗೆ ಸತ್ತಿತ್ತು.

ಕೇಬಲ್ಲಿನ ಕಥೆ ಇನ್ನೂ ಮೋಸದ್ದು. ಕನೆಕ್ಟರಿನ ಹಿಂದೆ ಕೂದಲೆಳೆ ಬಿರುಕು ಸಾಕು. ನೀರು ಒಳಗಿನ ತಾಮ್ರದ ಜಾಲರಿಯನ್ನು ಹಿಡಿದು, ದೀಪದ ಬತ್ತಿ ಎಣ್ಣೆ ಎಳೆದಂತೆ, ಒಳಗೆ ಹರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮೀಟರ್ ಇಟ್ಟು ಕಂಟಿನ್ಯುಟಿ ನೋಡಿದರೆ ಬೀಪ್ ಅನ್ನುತ್ತದೆ. ಆದರೆ 10, 15 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ ಅರ್ಧಕ್ಕರ್ಧ ದಾರಿಯಲ್ಲೇ ಖಾಲಿ. 3 ಡೆಸಿಬೆಲ್ ನಷ್ಟ ಅಂದರೆ ಅರ್ಧ ಶಕ್ತಿ ಹೋಯಿತು ಅಂತ. ದೂರದ ಸಣ್ಣ ಸದ್ದು ಕೇಳಬೇಕಾದ ಕಿವಿಗೆ ಹತ್ತಿ ತುರುಕಿದ ಹಾಗೆ. ಹಾಗಾಗಿ ಕೇಬಲ್ಲನ್ನು, ಒಂದೊಂದು ಫ್ರೀಕ್ವೆನ್ಸಿಯಲ್ಲೂ ನಷ್ಟ ಅಳೆಯುವ ನೆಟ್‌ವರ್ಕ್ ಅನಲೈಸರ್ ಮೇಲೇ ನೋಡಬೇಕು.

ಕನೆಕ್ಟರ್ ಟೈಟ್ ಮಾಡೋಕೂ ಅಳತೆನಾ?

ಹೌದು. ಎಸ್‌ಎಂಎ ಅನ್ನುವ ಸಣ್ಣ ತಿರುಗಿಸಿ ಕೂರಿಸುವ ಕನೆಕ್ಟರ್ ಸ್ಟೀಲಿನದಾದರೆ ಅದಕ್ಕೆ ಸುಮಾರು 0.9 ನ್ಯೂಟನ್ ಮೀಟರ್, ಹಿತ್ತಾಳೆಯದಕ್ಕೆ ಅದಕ್ಕಿಂತ ಕಮ್ಮಿ. ಟಾರ್ಕ್ ಸ್ಪ್ಯಾನರ್ "ಟಕ್" ಅಂದ ಕೂಡಲೇ ಕೈ ಬಿಡಬೇಕು. ಟ್ರ್ಯಾಕ್ಟರ್ ಗ್ಯಾರೇಜಿನಿಂದ ಬಂದ ಒಬ್ಬ ಹುಡುಗ "ಇನ್ನೊಂದು ಚೂರು ಇರಲಿ ಅಕ್ಕ" ಅಂತ ಮೊದಲ ದಿನವೇ ನಾಲ್ಕು ಕನೆಕ್ಟರ್ ಕೊಂದ.

ಹಳೇ ಹಡಗಿಗೆ ಪಾರ್ಟ್ ಸಿಗಲ್ಲ ಅಂತಾರಲ್ಲ, ಯಾಕೆ?

ಇದೇ ಈ ಕಸುಬಿನ ತಿರುಳು. ಯುದ್ಧ ಹಡಗು 30 ವರ್ಷ, ಕೆಲವು ಇನ್ನೂ ಜಾಸ್ತಿ ಬಾಳುತ್ತದೆ. ಅದರೊಳಗಿನ ಚಿಪ್ಪನ್ನು ಮಾಡಿದ ಕಂಪನಿ ಮೊಬೈಲು, ಕಾರಿನ ಮಾರುಕಟ್ಟೆ ನೋಡಿ ಕೆಲವೇ ವರ್ಷದಲ್ಲಿ "ಇನ್ನು ಇದನ್ನು ಮಾಡಲ್ಲ" ಅನ್ನುತ್ತದೆ. ವಿನ್ಯಾಸ, ಪರೀಕ್ಷೆ, ಒಪ್ಪಿಗೆ ಎಲ್ಲ ಮುಗಿದು ಹಡಗು ನೀರಿಗಿಳಿಯುವ ಹೊತ್ತಿಗೇ ಕೆಲವು ಚಿಪ್ ಕ್ಯಾಟಲಾಗಿನಿಂದ ಹೋಗಿರುತ್ತವೆ.

ನಮ್ಮೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿತು. ವಾಚುಗಳು ಮುಚ್ಚಲಿಲ್ಲ. ನಮ್ಮ ಮಾವನ ಕೈಯಲ್ಲಿ ಇನ್ನೂ ಓಡುತ್ತಿದೆ. ರಿಪೇರಿ ಅಂಗಡಿಯವರು ನಾಲ್ಕು ಸತ್ತ ವಾಚ್ ಬಿಚ್ಚಿ ಒಂದನ್ನು ಬದುಕಿಸುತ್ತಾರೆ. ಹಡಗಿನಲ್ಲೂ ಕಷ್ಟ ಕಾಲದಲ್ಲಿ ಹಾಗೇ ಮಾಡುತ್ತಾರೆ. ರಿಪೇರಿಗೆ ನಿಂತ ಹಡಗಿನ ಕಾರ್ಡ್ ಬಿಚ್ಚಿ ಹೊರಡುವ ಹಡಗಿಗೆ ಹಾಕುತ್ತಾರೆ. ಕ್ಯಾನಿಬಲೈಸ್ ಅನ್ನುವ ಭಯಂಕರ ಹೆಸರಿದೆ ಅದಕ್ಕೆ. ಆ ಹೊತ್ತಿಗೆ ಕೆಲಸ ಆಗುತ್ತದೆ. ಆದರೆ ಮುಂದೆ ಆ ರಿಪೇರಿಗೆ ನಿಂತ ಹಡಗು ಹೊರಡುವಾಗ ಮತ್ತೆ ಅದೇ ಗೋಳು.

ಸರಿಯಾದ ದಾರಿಗಳು ಮೂರು. ಕಂಪನಿ ನಿಲ್ಲಿಸುವ ಮುಂಚೆ ಇಷ್ಟು ವರ್ಷಕ್ಕೆ ಇಷ್ಟು ಬೇಕು ಅಂತ ಲೆಕ್ಕ ಹಾಕಿ ಕೊನೆಯ ಖರೀದಿ ಮಾಡುವುದು. ಎಷ್ಟೇ ಲೆಕ್ಕ ಹಾಕಿದರೂ ಒಂದೋ ಉಳಿಯುತ್ತದೆ, ಇಲ್ಲವೇ ಸಾಲುವುದಿಲ್ಲ. ಎರಡನೆಯದು, ಅಳತೆ, ಜೋಡಣೆ, ಕೆಲಸ ಮೂರೂ ಹಳೆಯದರಂತೆಯೇ ಇರುವ ಹೊಸ ಕಾರ್ಡ್ ಮಾಡುವುದು. ಒಳಗೆ ಹೊಸ ಎಫ್‌ಪಿಜಿಎ, ಹೊರಗೆ ಅದೇ ಹಳೆ ಕನೆಕ್ಟರ್, ಅದೇ ಪಿನ್. ಹಡಗಿನವರಿಗೆ ವ್ಯತ್ಯಾಸವೇ ಗೊತ್ತಾಗಬಾರದು. ಮೂರನೆಯದು ಇಡೀ ಸಿಸ್ಟಂ ಬದಲಾಯಿಸುವುದು. ಅದಕ್ಕೆ ಹಡಗು ದೊಡ್ಡ ರಿಪೇರಿಗೆ ಕೂರುವವರೆಗೆ ಕಾಯಬೇಕು.

ಸಣ್ಣ ಘಟಕಗಳಿಗೆ ನಿಜವಾದ ಕೆಲಸ ಇರುವುದು ಎರಡನೇ ದಾರಿಯಲ್ಲಿ. ಹೊಸ ಸಿಸ್ಟಂ ಅಂದರೆ ಎಲ್ಲರೂ ಓಡಿ ಬರುತ್ತಾರೆ. ಇಪ್ಪತ್ತು ವರ್ಷ ಹಳೆಯ ಡಬ್ಬಿಗೆ ಆರೇ ಆರು ಮುಚ್ಚಳ ಬೇಕು ಅಂದರೆ ದೊಡ್ಡವರು ಫೋನ್ ಎತ್ತುವುದಿಲ್ಲ. ನಾವು ಎತ್ತುತ್ತೇವೆ.

ಬಿಡಿಭಾಗ ತಗೊಂಡು ಸ್ಟೋರಲ್ಲಿ ಇಟ್ಟುಬಿಟ್ರೆ ಆಯ್ತಲ್ಲ?

ಉಪ್ಪಿನಕಾಯಿಯೇ ಜಾಡಿಯಲ್ಲಿ ಕೆಡುತ್ತದೆ. ರಬ್ಬರ್ ಓ-ರಿಂಗಿಗೆ ತಯಾರಾದ ತಿಂಗಳಿಂದ ಆಯಸ್ಸು ಎಣಿಸುತ್ತಾರೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ವರ್ಷಗಟ್ಟಲೆ ಸುಮ್ನೆ ಕೂತರೆ, ನೇರವಾಗಿ ಪೂರ್ತಿ ವೋಲ್ಟೇಜ್ ಕೊಡಬಾರದು. ನಿಧಾನವಾಗಿ ಏರಿಸಿ ಎಚ್ಚರಿಸಬೇಕು.

ಎಲ್ಲಕ್ಕಿಂತ ನಾಜೂಕು ಟ್ರಾವೆಲಿಂಗ್ ವೇವ್ ಟ್ಯೂಬ್. ಒಳಗೆ ನಿರ್ವಾತ, ಹಲವು ಸಾವಿರ ವೋಲ್ಟು. ತುಂಬಾ ದಿನ ಉಪಯೋಗಿಸದೆ ಇಟ್ಟರೆ ಒಳಗಿನ ಲೋಹದಿಂದ ಸ್ವಲ್ಪ ಸ್ವಲ್ಪ ಅನಿಲ ಹೊರಬರುತ್ತದೆ. ಒಮ್ಮೆಲೇ ಹೈ ವೋಲ್ಟೇಜ್ ಕೊಟ್ಟರೆ ಒಳಗೇ ಕಿಡಿ, ಟ್ಯೂಬು ಖಲಾಸ್. ಆಗಾಗ ತೆಗೆದು ಹೀಟರ್ ಬಿಸಿ ಮಾಡಿ ಇಡಬೇಕು. ಈ ಟ್ಯೂಬುಗಳ ಸಂಶೋಧನೆಗೆಂದೇ ಡಿಆರ್‌ಡಿಒದ ಎಂಟಿಆರ್‌ಡಿಸಿ ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. ಗ್ಯಾಲಿಯಂ ನೈಟ್ರೈಡ್ ಬಂದ ಮೇಲೆ ಒಂದು ದೊಡ್ಡ ಟ್ಯೂಬಿನ ಬದಲು ಹತ್ತಾರು ಸಣ್ಣ ಆಂಪ್ಲಿಫೈಯರ್ ಸೇರಿಸಿ ಕೆಲಸ ತೆಗೆಯುತ್ತಾರೆ. ಒಂದೆರಡು ಸತ್ತರೂ ಉಳಿದವು ಗಾಡಿ ಎಳೆಯುತ್ತವೆ.

ಪಾರ್ಟ್ ಮೇಲೆ 13 ಅಂಕಿ ಇರುತ್ತಲ್ಲ, ಅದೇನು?

ಅದು ನ್ಯಾಟೋ ಸ್ಟಾಕ್ ನಂಬರ್. ನಾವು ನ್ಯಾಟೋದಲ್ಲಿ ಇಲ್ಲದಿದ್ದರೂ ಅದೇ ಪದ್ಧತಿಯ ಪಟ್ಟಿಯಲ್ಲಿದ್ದೇವೆ. ಮೊದಲ ನಾಲ್ಕು ಅಂಕಿ ವಸ್ತುವಿನ ಜಾತಿ. ಎಲೆಕ್ಟ್ರಾನಿಕ್ ಕೌಂಟರ್‌ಮೆಷರ್ ಸಾಮಾನಿಗೆ 5865. ಮುಂದಿನ ಎರಡು ದೇಶದ್ದು. ಭಾರತಕ್ಕೆ 72, ಜರ್ಮನಿಗೆ 12, ಬ್ರಿಟನ್ನಿಗೆ 99. ಉಳಿದ ಏಳು ಆ ಒಂದು ವಸ್ತುವಿನ ಗುರುತು. ಕಂಪನಿಯ ಪಾರ್ಟ್ ನಂಬರ್ ಬೇರೆ. ಅದರ ಕೊನೆಯಲ್ಲಿರುವ ಒಂದು ಅಕ್ಷರದ ರಿವಿಷನ್ ನೋಡದೆ ಕೊಟೇಶನ್ ಹಾಕಿದರೆ ಪಾರ್ಟು ನಿಮ್ಮ ಬೀರುವಿನಲ್ಲೇ ಉಳಿಯುತ್ತದೆ.

ಅದೇ ಚಿಪ್ ಹೊರಗೆ ಅರ್ಧ ಬೆಲೆಗೆ ಸಿಗುತ್ತೆ. ಹಾಕಿದ್ರೆ ಏನು?

ಅರ್ಧ ಬೆಲೆಗೆ ಸಿಗುತ್ತಿದೆ ಅಂದಾಗಲೇ ಅನುಮಾನ ಬರಬೇಕು. ಅಮೆರಿಕದ ಸೆನೆಟ್ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ರಕ್ಷಣಾ ಸರಬರಾಜಿನಲ್ಲಿ ಸುಮಾರು 1800 ನಕಲಿ ಅನುಮಾನದ ಪ್ರಕರಣ, ಒಟ್ಟು 10 ಲಕ್ಷಕ್ಕೂ ಜಾಸ್ತಿ ಬಿಡಿಭಾಗ ಸಿಕ್ಕಿದ್ದವು. ಹಳೆ ಕಂಪ್ಯೂಟರ್ ಬೋರ್ಡಿನಿಂದ ಕಿತ್ತು, ತೊಳೆದು, ಮೇಲಿನ ಬರಹ ಉಜ್ಜಿ, ಹೊಸದಾಗಿ ಅಚ್ಚು ಹಾಕಿ ಮಾರುತ್ತಾರೆ.

ನಮಗೂ ಒಮ್ಮೆ ಬಂದಿದೆ. ಒಬ್ಬ ವ್ಯಾಪಾರಿಯಿಂದ ಟೆಸ್ಟ್ ಜಿಗ್ಗಿಗೆ ಅಂತ 40 ಐಸಿ ತರಿಸಿದೆವು. ಎಲ್ಲದರ ಮೇಲೂ ಒಂದೇ ಡೇಟ್ ಕೋಡ್, ಅಂದರೆ ಯಾವಾಗ ತಯಾರಾಯಿತು ಅನ್ನುವ ಗುರುತು. ಆದರೆ ಒಂದನೇ ಪಿನ್ ಗುರುತಿಗೆ ಇರುವ ಗುಳಿ ಕೆಲವದರಲ್ಲಿ ಆಳ, ಕೆಲವದರಲ್ಲಿ ಅರ್ಧ ಮುಚ್ಚಿದೆ. ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದರೆ ಹತ್ತಿ ಕಪ್ಪಾಯಿತು, ಅಕ್ಷರ ಹೋಯಿತು, ಕೆಳಗೆ ಬೇರೆ ಅಕ್ಷರದ ನೆರಳು ಬಂತು. ಜಿಗ್ ಆಗಿದ್ದಕ್ಕೆ ಬಚಾವ್. ಆಮೇಲೆ ಮೂಲ ಕಂಪನಿ ಅಥವಾ ಅದರ ಅಧಿಕೃತ ವಿತರಕರನ್ನು ಬಿಟ್ಟು ಬೇರೆಯವರಿಂದ ತರುವುದಿಲ್ಲ. ನೋಡಿದರೂ ಗೊತ್ತಾಗದ ನಕಲಿ ಇರುತ್ತದೆ, ಅದಕ್ಕೆ ಎಕ್ಸ್-ರೇ, ಚಿಪ್ ಮುಚ್ಚಳ ಕರಗಿಸಿ ನೋಡುವ ಪರೀಕ್ಷೆ ಬೇಕು.

ನಮ್ಮದೂ ಒಂದು ವರ್ಕ್‌ಶಾಪ್ ಇದೆ ಮೇಡಂ. ಈ ಕೆಲಸಕ್ಕೆ ಇಳೀಬಹುದಾ?

ಇಳಿಯಬಹುದು. ವಸಂತನರಸಾಪುರದವರು, ಮಾಲೂರು-ನರಸಾಪುರದವರು, ಗೌರಿಬಿದನೂರಿನವರು ಎಲ್ಲರೂ ಕೇಳುತ್ತಾರೆ. ಆದರೆ ಜಾಮರ್ ಮಾಡುತ್ತೇನೆ ಅಂತ ಶುರು ಮಾಡಬೇಡಿ. ಡಬ್ಬಿ, ಬ್ರ್ಯಾಕೆಟ್, ಹಾರ್ನೆಸ್, ಗ್ಯಾಸ್ಕೆಟ್, ಸಾಗಾಟದ ಪೆಟ್ಟಿಗೆ, ಟೆಸ್ಟ್ ಜಿಗ್ ಇಂಥದ್ದರಿಂದ ಶುರು ಮಾಡಿ.

ಮಷೀನಿಗಿಂತ ಡ್ರಾಯಿಂಗ್ ಓದುವುದು ಮುಖ್ಯ. ನಮ್ಮ ತಪ್ಪೇ ಹೇಳುತ್ತೇನೆ. 24 ಡಬ್ಬಿ ಮಾಡಿದೆವು. ಅಳತೆ ಕರೆಕ್ಟು, ಫಿನಿಶಿಂಗ್ ಕನ್ನಡಿ. ಅಲ್ಯೂಮಿನಿಯಂ ಮೇಲೆ ಗಟ್ಟಿ ಪದರ ಬೆಳೆಸುವ ಅನೋಡೈಸಿಂಗಿಗೆ ಕಳಿಸಿದೆವು, ಚೆಂದವಾಗಿ ಬಂತು. ಎಲ್ಲವೂ ರಿಜೆಕ್ಟ್. ಡ್ರಾಯಿಂಗಿನ ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು, ಮುಚ್ಚಳ ಕೂರುವ ಅಂಚಿಗೆ ಅನೋಡೈಸ್ ಬೇಡ, ಕರೆಂಟ್ ಹರಿಯಲು ಬಿಡುವ ತೆಳು ಲೇಪ ಅಲೋಡೈನ್ ಮಾತ್ರ ಅಂತ. ಅನೋಡೈಸ್ ಪದರಕ್ಕೆ ಕರೆಂಟ್ ಹರಿಯುವುದಿಲ್ಲ. ಮುಚ್ಚಳಕ್ಕೂ ಡಬ್ಬಿಗೂ ವಿದ್ಯುತ್ ಸಂಪರ್ಕ ಇಲ್ಲದಿದ್ದರೆ ಆ ಸಂದಿಯಿಂದ ರೇಡಿಯೋ ಅಲೆ ಸೋರುತ್ತದೆ. ಶೆಫೀಲ್ಡ್ ಕಥೆ ನೆನಪಿದೆಯಲ್ಲ? ಪ್ಲೇಟಿಂಗ್‌ನವರ ತಪ್ಪೇನಿಲ್ಲ, ಆ ಅಂಚನ್ನು ಮುಚ್ಚಿಡಿ (ಮಾಸ್ಕಿಂಗ್) ಅಂತ ಹೇಳದೆ ಕಳಿಸಿದವಳು ನಾನು. ಆ 24ರಲ್ಲಿ ಒಂದು ನನ್ನ ಮೇಜಿನ ಮೇಲೆ ಪೆನ್ನು ಹಾಕಲು ಇದೆ.

ಯಾವ ಕಾಗದ ಬೇಕು?

ಸಣ್ಣ ಘಟಕಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ದುಡ್ಡು ಕೊಡಬೇಕಿಲ್ಲ, ಏಜೆಂಟ್ ಬೇಕಿಲ್ಲ. ಐಎಸ್‌ಒ 9001. ಸರ್ಕಾರಿ ಖರೀದಿ ನಡೆಯುವ ಜೆಮ್ ಪೋರ್ಟಲ್ ಖಾತೆ. ರಕ್ಷಣಾ ಇಲಾಖೆಯ ಸೃಜನ್ ಪೋರ್ಟಲ್ 2020ರ ಆಗಸ್ಟಿನಲ್ಲಿ ಶುರುವಾಯಿತು. ಈವರೆಗೆ ಹೊರದೇಶದಿಂದ ತರಿಸುತ್ತಿದ್ದ ಯಾವ ಪಾರ್ಟ್ ಇಲ್ಲೇ ಆಗಬೇಕು ಅನ್ನುವುದು ಅಲ್ಲಿ ಕಾಣುತ್ತದೆ. ಸಂಜೆ ಹೊತ್ತು ಸುಮ್ನೆ ಕೂತು ಅದನ್ನು ನೋಡಿ, ನಿಮ್ಮ ಮಷೀನಿಗೆ ಹೊಂದುವುದು ಸಿಗಬಹುದು. ಆಮೇಲೆ ದೊಡ್ಡ ಕಂಪನಿಯ ವೆಂಡರ್ ನೋಂದಣಿ. ಅದಕ್ಕೆ ತಾಳ್ಮೆ ಬೇಕು. ಸಾಮಾನು ಒಪ್ಪುವ ಹೊತ್ತಿಗೆ ರಕ್ಷಣಾ ಇಲಾಖೆಯ ಗುಣಮಟ್ಟ ವಿಭಾಗ ಡಿಜಿಕ್ಯೂಎಯ ತಪಾಸಣೆ ಇರಬಹುದು. ಹೊರದೇಶಕ್ಕೆ ಕಳಿಸುವ ಆಸೆ ಇದ್ದರೆ ಅನುಮತಿ ಇಲ್ಲದೆ ರಫ್ತು ಮಾಡಬಾರದ ಸಾಮಾನುಗಳ ಸ್ಕೋಮೆಟ್ ಪಟ್ಟಿ ಮೊದಲು ಓದಿ. ಅನುಮತಿ ಇಲ್ಲದೆ ಒಂದು ಕಾರ್ಡನ್ನೂ ಕೊರಿಯರ್ ಮಾಡಬಾರದು.

ಟೆಸ್ಟ್ ಹೇಗೆ ಮಾಡ್ತಾರೆ?

ಹಿಂಸೆ ಕೊಟ್ಟು. ಜೆಎಸ್‌ಎಸ್ 55555 ಅನ್ನುವ ನಮ್ಮ ಸೇನೆಗಳ ಮಾನದಂಡ ಇದೆ. ಬಿಸಿ, ಚಳಿ, ತೇವ, ನಡುಕ, ಬಡಿತ. ರೇಡಿಯೋ ಸೋರಿಕೆಗೆ ಅಮೆರಿಕದ ಮಿಲ್-ಸ್ಟ್ಯಾಂಡರ್ಡ್ 461. ಉಪ್ಪಿನ ಪರೀಕ್ಷೆಯೂ ಉಂಟು. ಸಾಮಾನ್ಯ ಸಾಲ್ಟ್ ಸ್ಪ್ರೇಯಲ್ಲಿ 5 ಶೇಕಡಾ ಉಪ್ಪು ನೀರನ್ನು 35 ಡಿಗ್ರಿಯಲ್ಲಿ ಮಂಜಿನ ಹಾಗೆ ಗಂಟೆಗಟ್ಟಲೆ ಸುರಿಸುತ್ತಾರೆ. ಹಿರೇಹಳ್ಳಿಯಲ್ಲಿ ಕೂತು ಕಡಲಿನ ಗಾಳಿ ಹೇಗಿರುತ್ತದೆ ಅಂತ ಕಲಿತದ್ದು ನಾವು ಅಲ್ಲಿಂದ ವಾಪಸ್ ಬಂದ ಸ್ಯಾಂಪಲ್ ನೋಡಿ.

ದುಡ್ಡು ಟೈಮಿಗೆ ಬರುತ್ತಾ?

ಕಾನೂನು ಪ್ರಕಾರ ಸೂಕ್ಷ್ಮ, ಸಣ್ಣ ಘಟಕಕ್ಕೆ 45 ದಿನದೊಳಗೆ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬಾಕಿ ಬಿಲ್ಲಿನ ಮೇಲೆ ಬ್ಯಾಂಕುಗಳು ಹಣ ಕೊಡುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಹಾಕಿ ಮೊದಲೇ ಹಣ ಎತ್ತಬಹುದು. ತಡ ಮಾಡಿದವರಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲು ಬಿಡದ ನಿಯಮ ಬಂದ ಮೇಲೆ ಮಾರ್ಚ್ ತಿಂಗಳಲ್ಲಿ ಅವರೇ ಫೋನ್ ಮಾಡುತ್ತಾರೆ. ಆದರೂ ಒಬ್ಬ ಗಿರಾಕಿ ನಮ್ಮನ್ನು ಏಳು ತಿಂಗಳು ಅಲೆಸಿದ. ದೂರು ಕೊಡಲಿಲ್ಲ. ಮುಂದಿನ ಆರ್ಡರ್ ಹೋಗುತ್ತದಲ್ಲ ಅನ್ನುವ ಹೆದರಿಕೆ. ಕಾನೂನಿಗೆ ಆ ಹೆದರಿಕೆ ಗೊತ್ತಿಲ್ಲ.

ನಮ್ಮ ಮಗಳು ಡಿಪ್ಲೊಮಾ ಮಾಡಿದ್ದಾಳೆ. ಕೆಲಸ ಇದೆಯಾ?

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆದರೆ ಒಳ್ಳೆಯದು. ಇಲ್ಲದಿದ್ದರೂ ಕೈ ಇದ್ದರೆ ಸಾಕು. ನಮ್ಮ ಹಾರ್ನೆಸ್ ಟೇಬಲ್ಲಿನಲ್ಲಿ ಆರು ಹೆಂಗಸರಿದ್ದಾರೆ. ವೈರುಗಳ ಕಂತೆಯನ್ನು ಮೇಣ ಹಚ್ಚಿದ ದಾರದಿಂದ ಒಂದೇ ಅಂತರಕ್ಕೆ ಗಂಟು ಹಾಕುತ್ತಾ ಕಟ್ಟಬೇಕು. ಐಟಿಐ ಹುಡುಗರಿಗೆ ಅದನ್ನು ಕಲಿಸಲು ಎರಡು ವಾರ ಬೇಕಾಯಿತು. ಸಂತೆಗೆ ಕನಕಾಂಬರ ಕಟ್ಟಿ ಮಾರುತ್ತಿದ್ದ ಒಬ್ಬರು ಎರಡೇ ದಿನಕ್ಕೆ ಕಲಿತರು. ವೈರಿನ ತುದಿಗೆ ಪಿನ್ ಒತ್ತಿ ಕೂರಿಸಿದ (ಕ್ರಿಂಪ್) ಮೇಲೆ ಲೆನ್ಸಿನಲ್ಲಿ ನೋಡಬೇಕು, ಸ್ಯಾಂಪಲ್ ಎಳೆದು ನೋಡಬೇಕು. ಸೋಲ್ಡರಿಂಗಿಗೆ ಐಪಿಸಿ ಅನ್ನುವ ಎಲೆಕ್ಟ್ರಾನಿಕ್ಸ್ ಮಾನದಂಡದ ತರಬೇತಿ ಮಾಡಿಸಿದರೆ ಸಂಬಳ ಏರುತ್ತದೆ. ಒಂದು ಎಚ್ಚರಿಕೆ, ವೈರಿನ ಬಣ್ಣ ಗುರುತಿಸುವ ಕಣ್ಣು ಬೇಕು. ಕೆಂಪು ಹಸಿರು ಬೇರೆ ಮಾಡಲಾಗದವರನ್ನು ಬೇರೆ ಕೆಲಸಕ್ಕೆ ಹಾಕುತ್ತೇವೆ.

ಗೌರಿಬಿದನೂರಲ್ಲಿ ಆಂಟೆನಾ ತೋಟ ಇದೆಯಲ್ಲ, ಅದೂ ಇದೇನಾ?

ಅಲ್ಲ. ಅದು ಆಕಾಶ ಕೇಳುವ ಆಂಟೆನಾ. 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲು 1000 ಡೈಪೋಲ್ ಆಂಟೆನಾ ಹೂಡಿ ಕಟ್ಟಿದ ರೇಡಿಯೋ ದೂರದರ್ಶಕ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಕಷ್ಟ ಒಂದೇ. ಸಣ್ಣ ಸಿಗ್ನಲ್, ಸುತ್ತ ಜಾಸ್ತಿ ಗಲಾಟೆ, ನಡುವೆ ಕೇಬಲ್ ನಷ್ಟ.

ಕಾಲೇಜ್ ಹತ್ರ ಮೊಬೈಲ್ ಜಾಮರ್ ಹಾಕಬೇಕು. ಮಾಡಿಕೊಡ್ತೀರಾ?

ಇಲ್ಲ. ಖಾಸಗಿಯವರು ಜಾಮರ್ ಕೊಳ್ಳುವುದು, ಮಾರುವುದು, ಹಾಕುವುದು ಎಲ್ಲವೂ ಕಾನೂನುಬಾಹಿರ. ದಯವಿಟ್ಟು ಮತ್ತೆ ಕೇಳಬೇಡಿ.

ಒಂದು ಫೋಟೋ ಕಳಿಸಿ ನೋಡೋಣ, ಹೇಗಿರುತ್ತೆ ಅಂತ?

ಅದೂ ಇಲ್ಲ. ಒಳಗೆ ಬರುವಾಗ ಮೊಬೈಲು ಬಾಗಿಲ ಹತ್ತಿರದ ಗೂಡಿನಲ್ಲಿಡಬೇಕು. ನನ್ನದೂ ಅಲ್ಲೇ ಇರುತ್ತದೆ. ಹಳೆ ಡ್ರಾಯಿಂಗನ್ನು ರದ್ದಿಗೆ ಹಾಕುವುದಿಲ್ಲ, ಎಣಿಸಿ ವಾಪಸ್ ಕೊಡುತ್ತೇವೆ.

ನೀವು ಮಾಡಿದ ಪಾರ್ಟ್ ಹಾಕಿರೋ ಹಡಗು ನೋಡಿದ್ದೀರಾ ಅಕ್ಕ?

ಯಾವ ಹಡಗಿಗೆ ಹೋಯಿತು ಅಂತ ನಮಗೆ ಹೇಳುವುದಿಲ್ಲ. ಆದರೆ ಕಾರವಾರಕ್ಕೆ ಹೋಗಿದ್ದೆ. ಅಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಕರಾಚಿಗೆ ಹೋದವುಗಳ ಜಾತಿಯದ್ದೇ. ಅಷ್ಟು ಚಿಕ್ಕದಿರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮಕ್ಕಳೆಲ್ಲ ಕ್ಷಿಪಣಿ ಕೊಳವೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಕೇಬಲ್ ಯಾವ ಕಡೆಯಿಂದ ಒಳಗೆ ಇಳಿದಿದೆ ಅಂತ ಹುಡುಕುತ್ತಾ ಹೋದೆ. ಒಂದು ಕಡೆ ಗ್ಲ್ಯಾಂಡ್ ಸಿಕ್ಕಿತು, ಕೇಬಲ್ ಒಳಗಿಳಿಯುವ ಕಡೆ ನೀರು ತಡೆಯುವ ನಟ್ಟು. ಎಷ್ಟೋ ಕೋಟಿಂಗ್ ಬಣ್ಣ ಬಿದ್ದು ನಟ್ಟಿನ ಮೂಲೆಗಳೇ ಕಾಣುತ್ತಿರಲಿಲ್ಲ. ನಮ್ಮಮ್ಮ ಹಿಂದಿನಿಂದ ಕೂಗಿದರು, "ಬಾರೇ, ಊಟಕ್ಕೆ ಹೊತ್ತಾಯ್ತು. ಮನೇಲಿ ನೋಡಿದ್ದು ಸಾಕಾಗಲಿಲ್ವಾ?"